ಕಂಪ್ರೆಸರ್ ಏರ್ ಫಿಲ್ಟರ್ ಬದಲಾವಣೆ: ವೆಚ್ಚದ ಲೆಕ್ಕ ಹಾಕುವ ಬಗೆ

ಸಣ್ಣ ಕೈಗಾರಿಕೆಗಳ ಲಾಭ-ನಷ್ಟ ತಃಖ್ತೆಯಲ್ಲಿ 'ಯಂತ್ರ ದುರಸ್ತಿ ಮತ್ತು ನಿರ್ವಹಣೆ' ಎಂಬ ಶೀರ್ಷಿಕೆಯ ಮೇಲೆ ಮಾಲೀಕರ ಕಣ್ಣು ಸದಾ ಇರುತ್ತದೆ. ವೆಚ್ಚ ತಗ್ಗಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಆದರೆ 'ವಿದ್ಯುಚ್ಛಕ್ತಿ' ಎಂಬ ಶೀರ್ಷಿಕೆಯನ್ನು ಅನಿವಾರ್ಯ ವೆಚ್ಚವೆಂದು ಭಾವಿಸಿ ಬಿಲ್ಲು ಬಂದಂತೆ ಪಾವತಿಸುವವರೇ ಹೆಚ್ಚು. ಈ ಎರಡು ಶೀರ್ಷಿಕೆಗಳ ನಡುವೆ ನಿಕಟ ಸಂಬಂಧವಿದೆ. ಒಂದರಲ್ಲಿ ಉಳಿಸಿದ ಹಣ ಇನ್ನೊಂದರಲ್ಲಿ ಸೋರಿಹೋಗಬಹುದು. ಇದಕ್ಕೆ ಸರಳವಾದ ನಿದರ್ಶನವೆಂದರೆ ಏರ್ ಕಂಪ್ರೆಸರ್‌ನ ಗಾಳಿ ಒಳಸೇರುವ ಬಾಯಿಗೆ ಅಳವಡಿಸಿರುವ ಏರ್ ಫಿಲ್ಟರ್. ಅದನ್ನು ಯಾವಾಗ ಬದಲಾಯಿಸುವುದು ಲಾಭದಾಯಕ ಎಂಬುದನ್ನು ಅಂಕಿಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಫಿಲ್ಟರಿನ ಕೆಲಸ

ಕಂಪ್ರೆಸರ್ ಸುತ್ತಲಿನ ಗಾಳಿಯನ್ನು ಒಳಗೆಳೆದು ಒತ್ತಡಕ್ಕೆ ಒಳಪಡಿಸುತ್ತದೆ. ಗಾಳಿಯೊಂದಿಗೆ ಧೂಳೂ ಬರುತ್ತದೆ. ಬೆಳಗಾವಿಯ ಫೌಂಡ್ರಿಯಲ್ಲಿ ಅದು ಮರಳಿನ ಧೂಳು, ಇಳಕಲ್ಲಿನ ಗ್ರಾನೈಟ್ ಘಟಕದಲ್ಲಿ ಕಲ್ಲಿನ ಪುಡಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೌಡು ಮತ್ತು ಹೊಟ್ಟಿನ ಧೂಳು, ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ನಾರಿನ ಎಳೆ. ಮಡಿಕೆ ಮಡಿಕೆಯಾಗಿ ಜೋಡಿಸಿದ ಫಿಲ್ಟರ್ ಕಾಗದವು ಈ ಧೂಳನ್ನು ತಡೆಯುತ್ತದೆ. ತಡೆದ ಧೂಳು ಕಾಗದದ ರಂಧ್ರಗಳನ್ನು ಕ್ರಮೇಣ ಮುಚ್ಚುವುದರಿಂದ ಗಾಳಿ ಒಳಬರುವುದೇ ಕಷ್ಟವಾಗುತ್ತದೆ. ಫಿಲ್ಟರಿನ ಹೊರಬದಿಯ ಮತ್ತು ಒಳಬದಿಯ ಒತ್ತಡಗಳ ನಡುವಿನ ಈ ವ್ಯತ್ಯಾಸವನ್ನು ಒತ್ತಡ ಇಳಿತ ಎನ್ನುತ್ತಾರೆ. ಇದನ್ನು ಕೊಳವೆಯಲ್ಲಿ ನೀರಿನ ಮಟ್ಟ ಎಷ್ಟು ಮಿಲಿಮೀಟರ್ ಏರುತ್ತದೆ ಎಂಬ ಲೆಕ್ಕದಲ್ಲಿ ಅಳೆಯುವುದು ರೂಢಿ.

2001ರ ಇಂಧನ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ 2002ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ತನ್ನ ಮಾರ್ಗದರ್ಶಿ ಪುಸ್ತಕದಲ್ಲಿ ಈ ಇಳಿತಕ್ಕೂ ವಿದ್ಯುತ್ ಬಳಕೆಗೂ ಇರುವ ಸಂಬಂಧವನ್ನು ನೀಡಿದೆ. ಅದರ ಪ್ರಕಾರ ಒತ್ತಡ ಇಳಿತ 200 ಮಿ.ಮೀ. ಇದ್ದಾಗ ಅಷ್ಟೇ ಪ್ರಮಾಣದ ಗಾಳಿಗೆ ಶೇ. 1.6ರಷ್ಟು ಹೆಚ್ಚು ವಿದ್ಯುತ್ ಬೇಕು, 400 ಮಿ.ಮೀ. ಇದ್ದಾಗ ಶೇ. 3.2; 600 ಮಿ.ಮೀ. ಇದ್ದಾಗ ಶೇ. 4.7, 800 ಮಿ.ಮೀ. ಇದ್ದಾಗ ಶೇ. 7.

ಇಲ್ಲಿ 'ಅಷ್ಟೇ ಪ್ರಮಾಣದ ಗಾಳಿಗೆ' ಎಂಬ ಮಾತು ಮುಖ್ಯ. ಫಿಲ್ಟರ್ ಕಟ್ಟಿಕೊಂಡಾಗ ಮೋಟಾರಿನ ಆಂಪಿಯರ್ ಮೀಟರ್ ಏರಲೇಬೇಕೆಂದೇನೂ ಇಲ್ಲ. ಕಂಪ್ರೆಸರ್ ಕೊಡುವ ಗಾಳಿಯೇ ಕಡಿಮೆಯಾಗಿ, ಟ್ಯಾಂಕಿನಲ್ಲಿ ಒತ್ತಡ ತುಂಬಲು ಅದು ಹೆಚ್ಚು ಹೊತ್ತು ಓಡುತ್ತದೆ. ಆದ್ದರಿಂದ ಮೀಟರನ್ನು ನೋಡಿ ಎಲ್ಲವೂ ಸರಿಯಾಗಿದೆಯೆಂದು ತೀರ್ಮಾನಿಸಲಾಗದು. ನಷ್ಟವು ಸದ್ದಿಲ್ಲದೆ ತಿಂಗಳ ಬಿಲ್ಲಿನಲ್ಲಿ ಸೇರಿಹೋಗಿರುತ್ತದೆ.

2. ವೆಚ್ಚದ ಲೆಕ್ಕ

ಉದಾಹರಣೆಗೆ 15 ಕಿಲೋವ್ಯಾಟ್ (20 ಅಶ್ವಶಕ್ತಿ) ಮೋಟಾರಿನ ಸ್ಕ್ರೂ ಕಂಪ್ರೆಸರನ್ನು ತೆಗೆದುಕೊಳ್ಳೋಣ. ಅದು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 16 ಯೂನಿಟ್ ಬಳಸುತ್ತದೆಂದೂ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ಓಡುತ್ತದೆಂದೂ ಇಟ್ಟುಕೊಂಡರೆ ವಾರ್ಷಿಕ ಬಳಕೆ 48,000 ಯೂನಿಟ್. ನಿಗದಿತ ಶುಲ್ಕವನ್ನು ಬಿಟ್ಟು ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ ವಾರ್ಷಿಕ ವೆಚ್ಚ 2,88,000 ರೂಪಾಯಿ. ಫಿಲ್ಟರ್ ಎಲಿಮೆಂಟಿನ ಬೆಲೆ 1,500 ರೂಪಾಯಿ ಎಂದಿರಲಿ. ಕಾರ್ಖಾನೆಯ ಧೂಳಿನಿಂದ ಪ್ರತಿ 3 ತಿಂಗಳಿಗೆ ಒತ್ತಡ ಇಳಿತ 200 ಮಿ.ಮೀ.ನಂತೆ ಸಮಪ್ರಮಾಣದಲ್ಲಿ ಏರುತ್ತದೆಂದೂ ಭಾವಿಸೋಣ. ಹೊಸ ಫಿಲ್ಟರಿನಲ್ಲಿಯೂ ಇರುವ ಅಲ್ಪ ಇಳಿತವನ್ನು ಇಲ್ಲಿ ಗಣಿಸಿಲ್ಲ. ಇವೆಲ್ಲವೂ ವಿವರಣೆಗಾಗಿ ಊಹಿಸಿಕೊಂಡ ಅಂಕಿಗಳು. ಉದ್ಯಮಿಗಳು ಇವುಗಳ ಸ್ಥಾನದಲ್ಲಿ ತಮ್ಮ ತಮ್ಮ ಅಂಕಿಗಳನ್ನು ಇಟ್ಟು ಲೆಕ್ಕ ಮಾಡಿಕೊಳ್ಳತಕ್ಕದ್ದು.

ವಾರ್ಷಿಕ ವೆಚ್ಚ ಈ ಕೆಳಗಿನಂತೆ ಬರುತ್ತದೆ:

ಪ್ರತಿ 2 ತಿಂಗಳಿಗೆ ಬದಲಾಯಿಸಿದರೆ: ಫಿಲ್ಟರ್ ರೂ. 9,000, ಹೆಚ್ಚುವರಿ ವಿದ್ಯುತ್ ರೂ. 1,536, ಒಟ್ಟು ರೂ. 10,536.
ಪ್ರತಿ 3 ತಿಂಗಳಿಗೆ: ಫಿಲ್ಟರ್ ರೂ. 6,000, ವಿದ್ಯುತ್ ರೂ. 2,304, ಒಟ್ಟು ರೂ. 8,304.
ಪ್ರತಿ 4 ತಿಂಗಳಿಗೆ: ಫಿಲ್ಟರ್ ರೂ. 4,500, ವಿದ್ಯುತ್ ರೂ. 3,072, ಒಟ್ಟು ರೂ. 7,572.
ಪ್ರತಿ 6 ತಿಂಗಳಿಗೆ: ಫಿಲ್ಟರ್ ರೂ. 3,000; ವಿದ್ಯುತ್ ರೂ. 4,608, ಒಟ್ಟು ರೂ. 7,608.
ವರ್ಷಕ್ಕೊಮ್ಮೆ: ಫಿಲ್ಟರ್ ರೂ. 1,500, ವಿದ್ಯುತ್ ರೂ. 9,360, ಒಟ್ಟು ರೂ. 10,860.

ಈ ಪಟ್ಟಿಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ದುರಸ್ತಿ ಖಾತೆಯನ್ನಷ್ಟೇ ನೋಡುವವರಿಗೆ ವರ್ಷಕ್ಕೊಮ್ಮೆ ಬದಲಾಯಿಸುವುದೇ ಅಗ್ಗವಾಗಿ ಕಾಣುತ್ತದೆ. ಎರಡೂ ಖಾತೆಗಳನ್ನು ಕೂಡಿಸಿದಾಗ ಅದೇ ಎಲ್ಲಕ್ಕಿಂತ ದುಬಾರಿ. ಎರಡನೆಯದಾಗಿ, ಎಚ್ಚರಿಕೆಯ ಹೆಸರಿನಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಯಿಸುವುದೂ ಬಹುತೇಕ ಅಷ್ಟೇ ದುಬಾರಿ. ಮೂರನೆಯದಾಗಿ, 4 ತಿಂಗಳಿಗೂ 6 ತಿಂಗಳಿಗೂ ನಡುವಿನ ವ್ಯತ್ಯಾಸ ಕೇವಲ 36 ರೂಪಾಯಿ. ಅಂದರೆ ಸರಿಯಾದ ಅವಧಿಯನ್ನು ದಿನದ ಲೆಕ್ಕದಲ್ಲಿ ಹಿಡಿಯಬೇಕಾಗಿಲ್ಲ, ಆಸುಪಾಸಿನಲ್ಲಿದ್ದರೆ ಸಾಕು.

ನೆನಪಿಡಲು ಸುಲಭವಾದ ನಿಯಮವೊಂದಿದೆ. ಫಿಲ್ಟರ್ ಹಾಕಿದಂದಿನಿಂದ ಆದ ಹೆಚ್ಚುವರಿ ವಿದ್ಯುತ್ ವೆಚ್ಚದ ಒಟ್ಟು ಮೊತ್ತವು ಹೊಸ ಫಿಲ್ಟರಿನ ಬೆಲೆಯನ್ನು ಮುಟ್ಟಿದಾಗ ಅದನ್ನು ಬದಲಾಯಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 5 ತಿಂಗಳು.

ಉಳಿತಾಯ ವರ್ಷಕ್ಕೆ ಸುಮಾರು 3,000 ರೂಪಾಯಿ ಮಾತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ಒಂದು ಪಾಳಿಯ 20 ಅಶ್ವಶಕ್ತಿಯ ಯಂತ್ರಕ್ಕೆ ಅಷ್ಟೇ ನಿಜ. ಮೋಟಾರು ದೊಡ್ಡದಾದಂತೆ, ಪಾಳಿ ಹೆಚ್ಚಿದಂತೆ ಈ ಮೊತ್ತ ಬೆಳೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರಿನಿಂದ ಒಳಹೊಕ್ಕ ಧೂಳು ಎಣ್ಣೆಯೊಂದಿಗೆ ಬೆರೆತು ಉಜ್ಜುಪುಡಿಯಂತೆ ವರ್ತಿಸುತ್ತದೆ. ಪಿಸ್ಟನ್ ಕಂಪ್ರೆಸರ್‌ನಲ್ಲಿ ರಿಂಗುಗಳೂ ವಾಲ್ವುಗಳೂ ಸವೆಯುತ್ತವೆ. ಸ್ಕ್ರೂ ಕಂಪ್ರೆಸರ್‌ನಲ್ಲಿ ಆಯಿಲ್ ಸೆಪರೇಟರ್ ಬೇಗ ಕಟ್ಟಿಕೊಳ್ಳುತ್ತದೆ, ಬೇರಿಂಗು ಹಾಗೂ ರೋಟರುಗಳಿರುವ ಏರ್ ಎಂಡ್ ಕೆಡುತ್ತದೆ. ಏರ್ ಎಂಡ್ ಆ ಯಂತ್ರದ ಅತ್ಯಂತ ಬೆಲೆಬಾಳುವ ಭಾಗ. ಅದು ರಿಪೇರಿಗೆ ಹೋದ ದಿನಗಳಲ್ಲಿ ಕಾರ್ಖಾನೆ ನಿಲ್ಲುತ್ತದೆ, ಗ್ರಾಹಕರಿಗೆ ಕೊಟ್ಟ ವಾಯಿದೆ ತಪ್ಪುತ್ತದೆ. ಈ ನಷ್ಟ ಫಿಲ್ಟರಿನ ಹೆಸರಿನಲ್ಲಿ ಯಾವ ಖಾತೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

3. ಬದಲಾಯಿಸುವ ಸಮಯವನ್ನು ತಿಳಿಯುವ ಬಗೆ

ಕ್ಯಾಲೆಂಡರಿಗಿಂತ ಕಂಪ್ರೆಸರ್‌ನ ಗಂಟೆ ಮೀಟರ್ ಹೆಚ್ಚು ನಂಬಲರ್ಹ. ಆರ್ಡರ್ ಕಡಿಮೆಯಾಗಿ ಯಂತ್ರ ಓಡದ ತಿಂಗಳುಗಳಲ್ಲಿ ಫಿಲ್ಟರಿಗೆ ಧೂಳು ಸೇರುವುದಿಲ್ಲ. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಗಂಟೆಗಳನ್ನು ಗರಿಷ್ಠ ಮಿತಿಯೆಂದು ಪರಿಗಣಿಸಬೇಕು. ಫೌಂಡ್ರಿ, ಕಲ್ಲಿನ ಘಟಕಗಳಂತಹ ಸ್ಥಳಗಳಲ್ಲಿ ಅದಕ್ಕೂ ಮೊದಲೇ ಬದಲಾಯಿಸಬೇಕಾಗುತ್ತದೆ.

ಇನ್ನೂ ಉತ್ತಮವಾದ ಕ್ರಮವೆಂದರೆ ಫಿಲ್ಟರಿಗೂ ಇನ್‌ಟೇಕ್ ವಾಲ್ವಿಗೂ ನಡುವೆ ನಿರ್ವಾತ ಸೂಚಕವೊಂದನ್ನು ಅಳವಡಿಸುವುದು. ಕೆಂಪು ಪಟ್ಟಿ ಕಾಣಿಸುವ ಸಣ್ಣ ಸೂಚಕಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಹಲವು 50 ಮಿಲಿಬಾರ್, ಅಂದರೆ ಸುಮಾರು 500 ಮಿ.ಮೀ. ಇಳಿತದಲ್ಲಿ ಕೆಂಪಾಗುತ್ತವೆ. ಆ ವೇಳೆಗೆ ನಷ್ಟ ಶೇ. 4ರ ಸಮೀಪ ಬಂದಿರುತ್ತದೆ. ಆದ್ದರಿಂದ ಕೆಂಪು ಕಂಡ ಬಳಿಕವೂ ಮುಂದಿನ ಸರ್ವಿಸಿನವರೆಗೆ ಕಾಯುವುದು ತರವಲ್ಲ. ಅಂಕಿಗಳನ್ನು ತೋರಿಸುವ ಗೇಜ್ ಇದ್ದಲ್ಲಿ ವಾರಕ್ಕೊಮ್ಮೆ ಬರೆದಿಟ್ಟುಕೊಂಡರೆ ಮೇಲಿನ ಲೆಕ್ಕವನ್ನು ತಮ್ಮ ಕಾರ್ಖಾನೆಗೇ ಅನ್ವಯಿಸಿ ಮಾಡಬಹುದು.

4. ಬದಲಾಯಿಸುವಾಗ ಪಾಲಿಸತಕ್ಕ ಕ್ರಮ

ಕಂಪ್ರೆಸರನ್ನು ನಿಲ್ಲಿಸಿ, ಮುಖ್ಯ ಸ್ವಿಚ್ಚನ್ನು ತೆಗೆದು, ಬೇರೆಯವರು ಹಾಕದಂತೆ ಬೀಗ ಅಥವಾ ಸೂಚನಾ ಫಲಕ ಹಾಕತಕ್ಕದ್ದು. ಒಳಗಿನ ಒತ್ತಡ ಸೊನ್ನೆಗೆ ಇಳಿದಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಮುಚ್ಚಳ ತೆರೆಯಬೇಕು. ಹಳೆಯ ಎಲಿಮೆಂಟನ್ನು ಅಲುಗಿಸದೆ ಹೊರತೆಗೆದು, ಗಾಳಿ ಒಳಹೋಗುವ ದಾರಿಯನ್ನು ಶುದ್ಧ ಬಟ್ಟೆಯಿಂದ ಮುಚ್ಚಿ, ಫಿಲ್ಟರ್ ಮನೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಚ್ಚಿದ ಬಟ್ಟೆಯನ್ನು ಮರೆಯದೆ ತೆಗೆದ ಮೇಲೆ ಹೊಸ ಎಲಿಮೆಂಟಿನ ಗ್ಯಾಸ್ಕೆಟ್ ಸುತ್ತಲೂ ಸಮನಾಗಿ ಕೂತಿದೆಯೇ ಎಂದು ಪರೀಕ್ಷಿಸತಕ್ಕದ್ದು. ಹಾಕಿದ ದಿನಾಂಕ ಮತ್ತು ಗಂಟೆ ಮೀಟರಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸುವುದು ಒಳ್ಳೆಯ ಪದ್ಧತಿ.

ಕಟ್ಟಿಕೊಂಡ ಫಿಲ್ಟರನ್ನು ಕಂಪ್ರೆಸರ್‌ನ ಗಾಳಿಯಿಂದಲೇ ಊದಿ ಮತ್ತೆ ಹಾಕುವ ರೂಢಿ ಅನೇಕ ಕಡೆ ಇದೆ. ಜೋರಾದ ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಆಮೇಲೆ ಒತ್ತಡ ಇಳಿತ ಕಡಿಮೆಯಾಗಿ ಫಿಲ್ಟರ್ ಚೊಕ್ಕಟವಾದಂತೆ ತೋರಿದರೂ ಧೂಳು ನೇರವಾಗಿ ಒಳಹೋಗುತ್ತಿರುತ್ತದೆ. ತಯಾರಕರು ಅನುಮತಿಸಿದ್ದರೆ ಮಾತ್ರ, ಅವರು ಹೇಳಿದ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಊದಬಹುದು. ಕಾಗದದ ಎಲಿಮೆಂಟನ್ನು ತೊಳೆಯಕೂಡದು.

5. ಲೆಕ್ಕಪತ್ರ ಮತ್ತು ತೆರಿಗೆ

ಫಿಲ್ಟರ್ ಬದಲಾವಣೆ ಇರುವ ಯಂತ್ರವನ್ನು ಸುಸ್ಥಿತಿಯಲ್ಲಿಡುವ ವೆಚ್ಚವಾದ್ದರಿಂದ ಅದು ಕಂದಾಯ ವೆಚ್ಚ, ಬಂಡವಾಳ ವೆಚ್ಚವಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ವೆಚ್ಚ ಮಾತ್ರ 'ಚಾಲ್ತಿ ದುರಸ್ತಿ' ಎನಿಸುತ್ತದೆ, ಸ್ವತಂತ್ರ ಯಂತ್ರವನ್ನೇ ಹೊಸದಾಗಿ ತರುವುದು ಹಾಗೆನಿಸದು ಎಂದು ತೀರ್ಪಿತ್ತಿತು. ಈ ಒರೆಗಲ್ಲಿನ ಪ್ರಕಾರ ಎಲಿಮೆಂಟಿನ ಬೆಲೆಯನ್ನು ಆಯಾ ವರ್ಷದ ಲಾಭದಿಂದಲೇ ಕಳೆಯಬಹುದು. ಹೊಸ ಕಂಪ್ರೆಸರ್ ಕೊಂಡರೆ ಸವಕಳಿಯನ್ನು ಮಾತ್ರ ಪಡೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಅಧಿನಿಯಮದಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಚಾಲ್ತಿ ದುರಸ್ತಿಯ ಕಡಿತ ಮುಂದುವರಿದಿದೆ.

ಮಾರ್ಚ್ 31ರಂದು ಉಗ್ರಾಣದಲ್ಲಿ ಬಳಕೆಯಾಗದೆ ಉಳಿದ ಫಿಲ್ಟರುಗಳನ್ನು ಆಖೈರು ದಾಸ್ತಾನಿನಲ್ಲಿ ತೋರಿಸಬೇಕು. ಕೊಂಡ ಕೂಡಲೇ ಎಲ್ಲವನ್ನೂ ಖರ್ಚು ಬರೆಯುವುದು ಸರಿಯಲ್ಲ.

ಜಿಎಸ್‌ಟಿ ಅಡಿಯಲ್ಲಿ ಸಾಮಾನ್ಯ ನೋಂದಣಿ ಹೊಂದಿ ತೆರಿಗೆಗೆ ಒಳಪಟ್ಟ ಸರಕನ್ನು ತಯಾರಿಸುವವರು ಫಿಲ್ಟರಿನ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಅದಕ್ಕೆ ಕ್ರಮಬದ್ಧ ತೆರಿಗೆ ಇನ್‌ವಾಯ್ಸ್ ಇರಬೇಕು, ಮಾರಾಟಗಾರರು ಅದನ್ನು ತಮ್ಮ ರಿಟರ್ನಿನಲ್ಲಿ ತೋರಿಸಿರಬೇಕು ಮತ್ತು ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳೊಳಗೆ ಹಣ ಪಾವತಿಯಾಗಿರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ನಕಲಿ ಫಿಲ್ಟರಿನಲ್ಲಿ ತೆರಿಗೆ ಜಮೆಯೂ ಇಲ್ಲ, ವೆಚ್ಚಕ್ಕೆ ದಾಖಲೆಯೂ ಇಲ್ಲ, ಗುಣಮಟ್ಟದ ಭರವಸೆಯಂತೂ ಮೊದಲೇ ಇಲ್ಲ.

6. ಸಲಹೆ

ಪ್ರತಿ ಕಂಪ್ರೆಸರಿಗೂ ಒಂದು ಪುಟದ ದಾಖಲೆ ಇಟ್ಟು ಗಂಟೆ ಮೀಟರಿನ ಅಂಕಿ, ಒತ್ತಡ ಇಳಿತ, ಫಿಲ್ಟರ್ ಬದಲಾಯಿಸಿದ ದಿನಾಂಕ ಮತ್ತು ಬೆಲೆ ಹಾಗೂ ಸಾಧ್ಯವಿದ್ದಲ್ಲಿ ಪ್ರತ್ಯೇಕ ಸಬ್ ಮೀಟರಿನ ಯೂನಿಟ್ಟುಗಳನ್ನು ಒಟ್ಟಿಗೆ ನಮೂದಿಸತಕ್ಕದ್ದು. ದುರಸ್ತಿ ಮತ್ತು ವಿದ್ಯುತ್ ವೆಚ್ಚಗಳು ಒಂದೇ ಪುಟದಲ್ಲಿ ಅಕ್ಕಪಕ್ಕ ಕಂಡಾಗ ಯಾವುದನ್ನು ಯಾವಾಗ ಮಾಡಬೇಕೆಂಬುದು ಮಾಲೀಕರಿಗೂ ಮೇಲ್ವಿಚಾರಕರಿಗೂ ತಾನಾಗಿಯೇ ತಿಳಿಯುತ್ತದೆ. ಒಂದು ವರ್ಷದ ಅಂಕಿಗಳು ಕೈಯಲ್ಲಿದ್ದರೆ ಮುಂದಿನ ವರ್ಷಕ್ಕೆ ಬೇಕಾದ ಫಿಲ್ಟರುಗಳ ಸಂಖ್ಯೆಯನ್ನು ಮೊದಲೇ ನಿರ್ಧರಿಸಿ, ಒಟ್ಟಾಗಿ ಖರೀದಿಸಿ, ಬೆಲೆಯಲ್ಲಿಯೂ ರಿಯಾಯಿತಿ ಕೇಳಬಹುದು.