ಹೊಗೆಕೊಳವೆಯ ಬಾಗು

ಮೋಟಾರು ಕಾರಿನ ಶಕ್ತಿಯನ್ನು ಹೆಚ್ಚಿಸಬಯಸುವವರು ಹಳೆಯ ಹೊಗೆಕೊಳವೆಯನ್ನು ತೆಗೆದು ಅಗಲವಾದುದನ್ನು ಜೋಡಿಸುವುದುಂಟು. ಆದರೆ ಕೊಳವೆಯ ಅಗಲದಷ್ಟೇ ಅದರ ಬಾಗುಗಳೂ ಮುಖ್ಯ. ಕಾರಣವೇನು?

ಸಿಲಿಂಡರಿನಲ್ಲಿ ಉರಿದ ಅನಿಲವನ್ನು ಪಿಸ್ಟನ್ನು ಹೊರದೂಡಬೇಕು. ದಾರಿ ಇಕ್ಕಟ್ಟಾದಷ್ಟೂ ಈ ಕೆಲಸಕ್ಕೆ ಎಂಜಿನ್ನಿನ ಶಕ್ತಿ ಹೆಚ್ಚಾಗಿ ವ್ಯಯವಾಗುತ್ತದೆ. ಒಳಗೆ ಆಧಾರವಿಲ್ಲದೆ ಕೊಳವೆಯನ್ನು ಒತ್ತಿ ಬಗ್ಗಿಸಿದರೆ ಬಾಗಿನಲ್ಲಿ ಅದು ಚಪ್ಪಟೆಯಾಗುತ್ತದೆ. ಸುತ್ತಳತೆ ಒಂದೇ ಆಗಿರುವಾಗ ಅತ್ಯಧಿಕ ಕ್ಷೇತ್ರಫಲವುಳ್ಳ ಆಕೃತಿ ವೃತ್ತವೆಂದು ನಾವು ಬಲ್ಲೆವಷ್ಟೆ. ಆದುದರಿಂದ ಚಪ್ಪಟೆಯಾದೆಡೆ ದಾರಿ ಕಿರಿದಾಗಲೇಬೇಕು. ಕ್ಷೇತ್ರಫಲವು 5ರಲ್ಲಿ 4 ಪಾಲಿಗೆ ಇಳಿಯಿತೆನ್ನಿ. ಅಷ್ಟೇ ಅನಿಲ ಸಾಗಬೇಕಾದರೆ ಅಲ್ಲಿ ಅದರ ವೇಗ 1.25 ಮಡಿಯಾಗಬೇಕು. ಒತ್ತಡದ ನಷ್ಟವು ಸುಮಾರಾಗಿ ವೇಗದ ವರ್ಗವನ್ನು ಅನುಸರಿಸುವುದರಿಂದ, ಆ ಎಡೆಯಲ್ಲಿ ನಷ್ಟವು ಒಂದೂವರೆ ಮಡಿಯನ್ನೂ ಮೀರುತ್ತದೆ.

ಇದಕ್ಕೆ ಪರಿಹಾರ ಮ್ಯಾಂಡ್ರೆಲ್ ಬಾಗು. ಬಗ್ಗಿಸುವಾಗ ಕೊಳವೆಯೊಳಗೆ ಮ್ಯಾಂಡ್ರೆಲ್ ಎಂಬ ಲೋಹದ ದಿಂಡನ್ನಿರಿಸಿ ಗೋಡೆ ಕುಸಿಯದಂತೆ ತಡೆಯುತ್ತಾರೆ. ದುಂಡುತನವು ಬಹುಮಟ್ಟಿಗೆ ಉಳಿಯುತ್ತದೆ. ಇದರ ಬೆಲೆ ಹೆಚ್ಚು. ಆದರೆ ಅಗಲವಾದ ಕೊಳವೆಯನ್ನು ಕೊಂಡು ಬಾಗಿನಲ್ಲಿ ಅದನ್ನು ಹಿಚುಕಿದರೆ, ತೆತ್ತ ಹಣದ ಫಲ ಅಲ್ಲಿಯೇ ಸೋರಿಹೋಗುವುದು.

ಹಾಗೆಂದು ಅತಿಯಾದ ಅಗಲವೂ ಸಲ್ಲದು. ರಭಸದಿಂದ ಹೊರಡುವ ಅನಿಲವು ತನ್ನ ಹಿಂದೆ ಒತ್ತಡವನ್ನು ತಗ್ಗಿಸಿ, ಸಿಲಿಂಡರು ಬರಿದಾಗಲು ನೆರವಾಗುತ್ತದೆ. ಕೊಳವೆ ಬಹಳ ಅಗಲವಾದರೆ ಈ ರಭಸ ಕುಂದುತ್ತದೆ. ಎಂಜಿನ್ನಿಗೆ ತಕ್ಕ ವ್ಯಾಸ, ಕೆಲವೇ ಬಾಗುಗಳು, ಅವೂ ವಿಶಾಲವಾದವು: ಇವೇ ಆಯ್ಕೆಯ ಸೂತ್ರ. ಕೊಳ್ಳುವ ಮೊದಲು ನೇರಭಾಗದ ಮತ್ತು ಬಾಗಿನ ವ್ಯಾಸಗಳನ್ನು ಅಳೆದು ಹೋಲಿಸಿದರೆ, ಹೊಳಪಿಗೆ ಮರುಳಾಗುವ ಭಯವಿಲ್ಲ.