ಬಿರುಗಾಳಿಯಿಂದ ಕೆಟ್ಟ ಚಾವಣಿಗಳು: ವಿಮೆಯ ಹಣವು ಕಡಿಮೆಯಾಗಿ ಬಂದಲ್ಲಿ ತಕರಾರು ಮಾಡುವ ಕ್ರಮ

ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲದಲ್ಲಿ ಬೆಂಗಳೂರು ಸೀಮೆಯಲ್ಲಿ ಮಳೆಗೆ ಮುಂಚಿತವಾಗಿ ಬಿರುಗಾಳಿಯು ಬೀಸುವುದು ಸರ್ವರಿಗೂ ತಿಳಿದ ವಿಷಯವೇ ಆಗಿದೆ. ಈ ಗಾಳಿಯು ಅರ್ಧ ಘಂಟೆಯಲ್ಲಿ ಮಾಡುವ ನಷ್ಟವನ್ನು ಸರಿಪಡಿಸಿಕೊಳ್ಳುವುದಕ್ಕೆ ಗೃಹಸ್ಥನಿಗೆ ಕೆಲವು ವೇಳೆ ಒಂದು ವರ್ಷದ ಹುಟ್ಟುವಳಿಯೇ ವೆಚ್ಚವಾಗುವುದುಂಟು. ೨೦೨೪ನೆಯ ಇಸವಿ ಜೂನ್ ೨ನೆಯ ತಾರೀಖು ಬೆಂಗಳೂರು ನಗರದಲ್ಲಿ ಒಂದೇ ದಿನ ೧೧೧.೧ ಮಿಲಿಮೀಟರು ಮಳೆಯು ಸುರಿಯಿತು. ೧೮೯೧ರಿಂದೀಚೆಗೆ ಜೂನ್ ತಿಂಗಳಿನ ಯಾವ ಒಂದು ದಿನದಲ್ಲಿಯೂ ಅಷ್ಟು ಮಳೆಯಾಗಿರಲಿಲ್ಲ. ಅದರ ಸಂಗಡ ಬಂದ ಗಾಳಿಗೆ ನಗರದಲ್ಲಿ ನೂರಾರು ಮರಗಳು ಉರುಳಿದವು.

ನಗರದ ದಕ್ಷಿಣ ಭಾಗದಲ್ಲಿರುವ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಹಿಂದೆ ಹೊಲಗದ್ದೆಗಳಾಗಿದ್ದ ಭೂಮಿಯ ಮೇಲೆ ಎದ್ದವುಗಳು. ಜಯನಗರಕ್ಕೆ ೧೯೪೮ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಅಸ್ತಿಭಾರವನ್ನಿಟ್ಟರು. ಬಿ.ಟಿ.ಎಂ. ಎಂಬ ಹೆಸರಾದರೋ ಭೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಗ್ರಾಮಗಳ ಮೊದಲಕ್ಷರಗಳಿಂದ ಆದುದು. ಸಾರಕ್ಕಿ, ಯಡಿಯೂರು ಮೊದಲಾದ ಹಳೆಯ ಊರುಕೇರಿಗಳಲ್ಲಿ ಹೆಂಚಿನ ಮನೆಗಳು ಅಲ್ಲಲ್ಲಿ ಉಳಿದಿರುವುವು. ಕಾಂಕ್ರೀಟಿನ ಮಾಳಿಗೆಯುಳ್ಳ ಮನೆಗಳ ಮೇಲೆಯೂ ಬಿಸಿಲು ಮಳೆಗಳನ್ನು ತಡೆಯುವುದಕ್ಕೆ ತಗಡಿನ ಚಪ್ಪರಗಳನ್ನು ಕಟ್ಟಿರುವರು. ಕನಕಪುರ, ಬನ್ನೇರುಘಟ್ಟ ರಸ್ತೆಗಳ ಕಡೆಯ ಭೂಮಾಲೀಕರಲ್ಲಿ ಅನೇಕರು ಇಂಥಾ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವುದರಿಂದಲೂ, ಹಳ್ಳಿಯ ಮನೆಗೆ ವಿಮೆ ಮಾಡಿಸುವ ಪದ್ಧತಿಯು ಬ್ಯಾಂಕುಗಳ ಸಾಲದ ಮೂಲಕ ಹರಡುತ್ತಿರುವುದರಿಂದಲೂ, ಈ ವಿಷಯವನ್ನು ಗ್ರಾಮಪ್ರಮುಖರು ಅರಿತಿರುವುದು ಅಗತ್ಯವು.

ಸರ್ಕಾರದ ಪರಿಹಾರವನ್ನೇ ನೆಚ್ಚಿಕೊಂಡಿರುವುದು ಸಾಲದು. ವಿಪತ್ತು ಪರಿಹಾರ ನಿಧಿಯ ನಿಬಂಧನೆಗಳಲ್ಲಿ ೨೦೨೨ರಿಂದ ೨೦೨೬ರ ವರೆಗಿನ ಅವಧಿಗೆ, ಭಾಗಶಃ ಕೆಟ್ಟ ಪಕ್ಕಾ ಮನೆಗೆ ನಿಗದಿಯಾದ ಮೊಬಲಗು ೬,೫೦೦ ರೂಪಾಯಿಗಳು ಮಾತ್ರ. ಉಳಿದದ್ದನ್ನು ವಿಮೆಯೇ ತುಂಬಿಕೊಡಬೇಕು. ಆದರೆ ವಿಮೆಯ ಹಣವು ಬಂದಾಗ ಅದು ಖರ್ಚಿನ ಅರ್ಧಕ್ಕೂ ಸಾಲದಿರುವ ಸಂದರ್ಭಗಳುಂಟು. ಆಗ ಗೃಹಸ್ಥನು ಕಂಪೆನಿಯ ಕಾಗದವನ್ನು ಅಮಲ್ದಾರರ ಹುಕುಮಿನಂತೆ ಭಾವಿಸಿ, ಬಂದಷ್ಟು ಬಂತೆಂದು ರುಜು ಹಾಕಿ ಸುಮ್ಮನಾಗುವನು. ಇದು ತಪ್ಪು ತಿಳಿವಳಿಕೆ. ಕಂಪೆನಿಯು ಕಟ್ಟಿದ ಲೆಕ್ಕವು ಒಂದು ಪಕ್ಷದ ಲೆಕ್ಕವೇ ಹೊರತು ತೀರ್ಪಲ್ಲ. ಅದನ್ನು ಎದುರಿಸಿ ಗೆಲ್ಲುವುದು ವಾದದ ಬಲದಿಂದಲ್ಲ, ಅಳತೆಯ ಬಲದಿಂದ. ಆ ಅಳತೆಯನ್ನು ಚಾವಣಿಯು ರಿಪೇರಿಯಾಗುವುದಕ್ಕೆ ಮುಂಚೆಯೇ ತೆಗೆದಿರಬೇಕು.

ಗಾಳಿಯು ನಿಂತ ದಿವಸವೇ ಕೆಲಸವು ಪ್ರಾರಂಭವಾಗತಕ್ಕದ್ದು. ಕಂಪೆನಿಗೆ ಕೂಡಲೆ ಬರವಣಿಗೆಯ ಮೂಲಕ ತಿಳಿಸಿ, ಆ ಕಾಗದದ ನಕಲನ್ನು ಇಟ್ಟುಕೊಳ್ಳಬೇಕು. ಕೆಟ್ಟ ಚಾವಣಿಯನ್ನು ನಾಲ್ಕು ದಿಕ್ಕುಗಳಿಂದಲೂ, ಒಳಗಿನಿಂದಲೂ, ಅಳತೆಯ ಟೇಪನ್ನು ಹಿಡಿದು ಛಾಯಾಚಿತ್ರ ತೆಗೆಯಿಸತಕ್ಕದ್ದು. ಅಕ್ಕಪಕ್ಕದ ಮನೆಗಳ ಹಾರಿದ ತಗಡುಗಳನ್ನೂ, ಬೀದಿಯಲ್ಲಿ ಬಿದ್ದ ಮರಗಳನ್ನೂ ಬಿಡಬಾರದು. ಅವು ಮುಂದೆ ಗಾಳಿಯ ಬಲಕ್ಕೆ ಸಾಕ್ಷಿಯಾಗುವುವು. ಒಡೆದ ಹೆಂಚು, ಮುರಿದ ರೀಪುಗಳನ್ನು ತಿಪ್ಪೆಗೆ ಎಸೆಯದೆ ಒಂದು ಕಡೆ ರಾಶಿ ಹಾಕಿರಬೇಕು. ಹಾಗೆಂದು ಮಳೆಗೆ ಮನೆಯನ್ನು ತೆರೆದಿಟ್ಟು, ಕಣಜದ ರಾಗಿಯೂ ಬಿತ್ತನೆಯ ಬೀಜವೂ ನೆನೆಯುವಂತೆ ಬಿಡುವುದು ಅವಿವೇಕ. ನಷ್ಟವು ಹೆಚ್ಚದಂತೆ ನೋಡಿಕೊಳ್ಳುವುದು ವಿಮೆದಾರನ ಕರ್ತವ್ಯವೇ ಆದುದರಿಂದ ಟಾರ್ಪಾಲನ್ನು ಹೊದಿಸಿ ಅದರ ರಸೀದಿಯನ್ನು ಜೋಪಾನವಾಗಿಡತಕ್ಕದ್ದು. ಗ್ರಾಮದಲ್ಲಾದರೆ ಕಂದಾಯ ಇಲಾಖೆಯವರ ಮಹಜರಿನ ನಕಲನ್ನೂ, ನಗರದಲ್ಲಿ ಮರ ಬಿದ್ದಿದ್ದರೆ ಪಾಲಿಕೆಯವರು ಅದನ್ನು ತೆಗೆದುದರ ದಾಖಲೆಯನ್ನೂ ಪಡೆಯಬೇಕು. ಆ ದಿನದ ಮಳೆ ಗಾಳಿಗಳ ಅಂಕಿಗಳು ಹವಾಮಾನ ಇಲಾಖೆಯಲ್ಲಿಯೂ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿಯೂ ದೊರೆಯುವುವು. ಈ ಕೇಂದ್ರದ ಮಳೆಮಾಪಕಗಳು ಗ್ರಾಮಪಂಚಾಯಿತಿಗಳ ವರೆಗೂ ಹರಡಿರುವುದು ಹಳ್ಳಿಗರಿಗೆ ದೊಡ್ಡ ಅನುಕೂಲವು.

ಇದಾದ ಮೇಲೆ ಕಂಪೆನಿಯು ನಷ್ಟವನ್ನು ಅಂದಾಜು ಮಾಡುವುದಕ್ಕೆ ಸರ್ವೇಯರೊಬ್ಬರನ್ನು ಕಳುಹಿಸುವುದು. ಇವರು ಜಮೀನನ್ನು ಅಳೆಯುವ ಸರ್ವೆಯವರಲ್ಲ. ೧೯೩೮ರ ವಿಮಾ ಕಾಯಿದೆಯ ಮೇರೆಗೆ ಲೈಸೆನ್ಸು ಪಡೆದ ನಷ್ಟಪರಿಶೀಲಕರು. ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೪ರ ಜೂನ್ ತಿಂಗಳಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಷ್ಟವನ್ನು ತಿಳಿಸಿದ ೨೪ ಘಂಟೆಗಳೊಳಗೆ ಇವರ ನೇಮಕವಾಗಬೇಕು. ೧೫ ದಿನಗಳೊಳಗೆ ವರದಿಯು ಬರಬೇಕು. ವರದಿ ಬಂದ ೭ ದಿನಗಳೊಳಗೆ ಕಂಪೆನಿಯು ತನ್ನ ನಿರ್ಧಾರವನ್ನು ತಿಳಿಸಬೇಕು. ಸರ್ವೇಯರು ಬಂದಾಗ ಮನೆಯ ಯಜಮಾನನೂ, ಚಾವಣಿಯ ಕೆಲಸ ಬಲ್ಲ ಒಬ್ಬ ಬಡಗಿಯೂ ಹಾಜರಿದ್ದು, ಅವರು ಅಳೆದುದನ್ನೆಲ್ಲಾ ತಾವೂ ಬರೆದುಕೊಳ್ಳತಕ್ಕದ್ದು.

ಹಣವು ಕಡಿಮೆಯಾಗುವುದು ಹೆಚ್ಚಾಗಿ ಈ ಅಳತೆಯಲ್ಲಿಯೇ. ಇಳಿಜಾರಾದ ಚಾವಣಿಯನ್ನು ಏಣಿ ಹತ್ತಿ ಅಳೆಯುವುದು ಕಷ್ಟವಾದುದರಿಂದ, ನೆಲದ ಮೇಲೆ ಉದ್ದಗಲಗಳನ್ನು ಅಳೆದು ಅದನ್ನೇ ಚಾವಣಿಯ ವಿಸ್ತೀರ್ಣವೆಂದು ಬರೆದುಬಿಡುವುದುಂಟು. ಸೂರೂ ಸೇರಿ ೯ ಮೀಟರು ಉದ್ದ, ೬ ಮೀಟರು ಅಗಲವಾದ ಒಂದು ಹೆಂಚಿನ ಮನೆಯನ್ನು ತೆಗೆದುಕೊಂಡರೆ ನೆಲದ ಲೆಕ್ಕಕ್ಕೆ ೫೪ ಚದರ ಮೀಟರಾಗುವುದು. ಚಾವಣಿಯ ಓಟವು ೩೦ ಡಿಗ್ರಿಯಾಗಿದ್ದರೆ, ನೆಲದ ಮೇಲೆ ೩ ಮೀಟರಿರುವ ಕಡೆ ನೆತ್ತಿಯಿಂದ ಸೂರಿನ ವರೆಗೆ ಟೇಪು ೩.೪೬ ಮೀಟರನ್ನು ತೋರಿಸುವುದು. ಎರಡು ಮಗ್ಗುಲುಗಳೂ ಸೇರಿ ನಿಜವಾದ ವಿಸ್ತೀರ್ಣವು ೬೨.೩ ಚದರ ಮೀಟರು. ಮಂಗಳೂರು ಹೆಂಚು ಚದರ ಮೀಟರೊಂದಕ್ಕೆ ಸುಮಾರು ೧೫ ಬೇಕಾಗುವುದರಿಂದ, ೮೧೦ ಹೆಂಚುಗಳೆಂದು ಬರೆದ ಕಡೆ ೯೩೫ ಬೇಕಾಗುವುದು. ೧೨೫ ಹೆಂಚುಗಳೂ, ಅವುಗಳನ್ನು ಹೊರುವ ರೀಪು ಜಂತೆಗಳೂ, ಆಳಿನ ಕೂಲಿಯೂ ಯಜಮಾನನ ತಲೆಯ ಮೇಲೆ ಬಿದ್ದಂತಾಯಿತು. ಇದರಲ್ಲಿ ಸರ್ವೇಯರ ದುರುದ್ದೇಶವಿರಬೇಕೆಂದೇನೂ ಇಲ್ಲ. ಆದರೆ ತಪ್ಪನ್ನು ತೋರಿಸಿಕೊಡದಿದ್ದರೆ ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ತಗಡಿನ ಚಾವಣಿಯಲ್ಲಿಯೂ ಹೀಗೆಯೇ. ಒಂದು ತಗಡಿನ ಮೇಲೊಂದು ಪಕ್ಕದಲ್ಲಿ ಒಂದೂವರೆ ಮಡಿಕೆಯಷ್ಟೂ, ತುದಿಯಲ್ಲಿ ಸುಮಾರು ೧೫೦ ಮಿಲಿಮೀಟರಷ್ಟೂ ಕೂರಬೇಕಾದುದರಿಂದ, ಮುಚ್ಚುವ ಜಾಗಕ್ಕಿಂತ ಕೊಳ್ಳುವ ತಗಡು ಯಾವಾಗಲೂ ಹೆಚ್ಚು. ನೆತ್ತಿಯ ಹೆಂಚು, ಕೊಕ್ಕೆಬೋಲ್ಟು, ವಾಷರು, ಸಾಗಾಣಿಕೆ, ಒಡಕಿನ ವಾಸಿ ಇವುಗಳು ವರದಿಯಲ್ಲಿ ಬಿಟ್ಟುಹೋಗಿವೆಯೇ ಎಂಬುದನ್ನೂ ನೋಡಬೇಕು.

ಹಳೆಯ ಹೆಂಚಿನ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದಂದಿನಿಂದ ಅನೇಕ ಕಾರ್ಖಾನೆಗಳು ಬೇರೆ ಬೇರೆ ಅಚ್ಚಿನ ಹೆಂಚುಗಳನ್ನು ಮಾಡಿರುವುವು. ಒಂದರ ಹೆಂಚು ಮತ್ತೊಂದರ ಹೆಂಚಿನ ಕಚ್ಚಿಗೆ ಸರಿಯಾಗಿ ಕೂರದೆ ಸೋರುವುದು. ಮುಚ್ಚಿಹೋದ ಕಾರ್ಖಾನೆಯ ಹೆಂಚು ಸಿಕ್ಕದಿದ್ದಲ್ಲಿ ಒಂದು ಮಗ್ಗುಲನ್ನೇ ಪೂರ್ತಿಯಾಗಿ ಬದಲಾಯಿಸಬೇಕಾಗುವುದು. ಒಡೆಯದ ಹೆಂಚಿಗೆ ಹಣವನ್ನೇಕೆ ಕೊಡಬೇಕೆಂದು ಕಂಪೆನಿಯು ಕೇಳಬಹುದು. ಹೊಸ ಹೆಂಚೊಂದನ್ನು ಹಳೆಯದರ ಪಕ್ಕದಲ್ಲಿಟ್ಟು ತೆಗೆದ ಚಿತ್ರವೂ, ಹೆಂಚಿನ ವ್ಯಾಪಾರಿಯಿಂದ ಬರೆಯಿಸಿದ ಕಾಗದವೂ ಇದಕ್ಕೆ ಉತ್ತರವು. ಹಣವು ಸಿಕ್ಕಿಯೇ ಸಿಕ್ಕುವುದೆಂದು ಹೇಳಲಾಗದಿದ್ದರೂ ಕೇಳಿಕೆಯು ನ್ಯಾಯವಾದುದು.

ಎರಡನೆಯ ಆಕ್ಷೇಪಣೆಯು, ಚಾವಣಿಯು ಗಾಳಿಯಿಂದ ಕೆಡಲಿಲ್ಲ, ಹಳೆಯದಾಗಿ ತುಕ್ಕು ಹಿಡಿದು ಕೆಟ್ಟಿತೆಂಬುದು. ಸವೆತಕ್ಕೂ, ಹಳೆಯ ಬಿರುಕಿನಿಂದ ಜಿನುಗುವ ನೀರಿಗೂ ವಿಮೆಯಲ್ಲಿ ಹಣವಿಲ್ಲವೆಂಬುದು ನಿಜವೇ. ಆದರೆ ಘಂಟೆಗೆ ೬೦ ಕಿಲೋಮೀಟರು ವೇಗದ ಗಾಳಿಯು ಚದರ ಮೀಟರೊಂದರ ಮೇಲೆ ಸುಮಾರು ೧೭ ಕಿಲೋಗ್ರಾಂ ಭಾರದಷ್ಟು ಒತ್ತಡವನ್ನುಂಟುಮಾಡುವುದು. ತೆಳುವಾದ ತಗಡಿನ ತೂಕವು ಅಷ್ಟೇ ಜಾಗಕ್ಕೆ ಸುಮಾರು ೫ ಕಿಲೋಗ್ರಾಂ ಮಾತ್ರ. ಸೂರಿನ ಅಂಚಿನಲ್ಲಿ ಗಾಳಿಯು ತಗಡನ್ನು ಮೇಲಕ್ಕೆ ಹೀರುವುದು. ಹೀಗಿರುವಲ್ಲಿ ಹೊಸ ಚಾವಣಿಯೂ ಹಾರಿಹೋಗುವುದು ಆಶ್ಚರ್ಯವಲ್ಲ. ಗಾಳಿಗೆ ಹಿಂದಿನ ವರ್ಷದ ಒಂದು ಛಾಯಾಚಿತ್ರ, ಅದು ಮದುವೆಯ ಚಪ್ಪರದ ಚಿತ್ರವಾಗಿದ್ದರೂ ಸರಿಯೆ, ಚಾವಣಿಯು ಸುಸ್ಥಿತಿಯಲ್ಲಿತ್ತೆಂದು ತೋರಿಸಿದರೆ ಈ ಆಕ್ಷೇಪಣೆಯು ಬಹುಮಟ್ಟಿಗೆ ಸಡಿಲವಾಗುವುದು.

ಮೂರನೆಯದು ಪಾಲಿಸಿಯ ಮೊಬಲಗಿಗೆ ಸಂಬಂಧಿಸಿದ್ದು. ೨೦ ಲಕ್ಷ ರೂಪಾಯಿ ಬೆಲೆಯ ಕಟ್ಟಡಕ್ಕೆ ೧೦ ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ೧,೨೦,೦೦೦ ರೂಪಾಯಿಗಳ ನಷ್ಟಕ್ಕೆ ೬೦,೦೦೦ವನ್ನು ಮಾತ್ರ ಕೊಡುವ ಸರಾಸರಿ ನಿಬಂಧನೆಯು ಹಳೆಯ ಪಾಲಿಸಿಗಳಲ್ಲಿದ್ದಿತು; ಅಂಗಡಿ, ಉಗ್ರಾಣಗಳ ವಿಮೆಯಲ್ಲಿ ಇಂದಿಗೂ ಇದು ಬರಬಹುದು. ವಾಸದ ಮನೆಗಳಿಗೆ ೨೦೨೧ನೆಯ ಇಸವಿ ಏಪ್ರಿಲ್ ೧ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿಯಲ್ಲಿ ಈ ಕಡಿತವನ್ನು ಬಿಟ್ಟುಕೊಡಲಾಗಿದೆ. ಆದುದರಿಂದ ಇಂಥಾ ಪಾಲಿಸಿಯಿದ್ದೂ ಅರ್ಧ ಹಣವು ಬಂದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳತಕ್ಕದ್ದು. ಈ ಪಾಲಿಸಿಯು ಬಿರುಗಾಳಿಯ ನಷ್ಟವನ್ನಲ್ಲದೆ ಮರ ಬಿದ್ದು ಆದ ನಷ್ಟವನ್ನೂ ಒಳಗೊಂಡಿದೆ. ಕಾಂಪೌಂಡು ಗೋಡೆ, ನೀರಿನ ತೊಟ್ಟಿ, ಸೌರಫಲಕಗಳೂ ಕಟ್ಟಡದಲ್ಲಿಯೇ ಸೇರುವುವು. ಇದಲ್ಲದೆ ಇಂಜಿನಿಯರರ ಫೀಜಿಗೆ ನಷ್ಟದ ಮೊಬಲಗಿನ ಶೇಕಡಾ ೫ರ ವರೆಗೂ, ಅವಶೇಷಗಳನ್ನು ತೆಗೆಸುವುದಕ್ಕೆ ಶೇಕಡಾ ೨ರ ವರೆಗೂ ದೊರೆಯುವುದು. ಕೇಳದವರಿಗೆ ಇದನ್ನು ಯಾರೂ ಕರೆದು ಕೊಡರು. ಸಾಲದ ಸಂಬಂಧದಲ್ಲಿ ಬ್ಯಾಂಕಿನವರೇ ವಿಮೆ ಮಾಡಿಸಿದ್ದರೆ ಪಾಲಿಸಿಯ ನಕಲನ್ನು ಅವರಿಂದ ತರಿಸಿ ಓದಬೇಕು. ಪಾಲಿಸಿಯಾದ ಮೇಲೆ ಮಾಳಿಗೆಯ ಮೇಲೆ ಕಟ್ಟಿದ ತಗಡಿನ ಚಪ್ಪರವನ್ನೂ, ವಾಸದ ಮನೆಯ ಕೆಳಗೆ ತೆರೆದ ಅಂಗಡಿಯನ್ನೂ ಕಂಪೆನಿಗೆ ತಿಳಿಸದಿದ್ದಲ್ಲಿ ತಕರಾರು ಬಲಹೀನವಾಗುವುದು.

ಹಣವನ್ನು ಕೊಡುವಾಗ ಕಂಪೆನಿಯವರು ‘ಪೂರ್ಣ ಮತ್ತು ಅಂತಿಮ ಪಾವತಿ’ ಎಂಬ ರಸೀದಿಗೆ ರುಜು ಕೇಳುವರು. ಮಳೆಗಾಲವು ಎದುರಿಗಿರುವಾಗ, ಕೂಲಿಗಾರರು ಬಾಗಿಲಲ್ಲಿ ನಿಂತಿರುವಾಗ ರುಜು ಮಾಡದೆ ವಿಧಿಯಿರುವುದಿಲ್ಲ. ಅಂಥಾ ರಸೀದಿಯು ವಂಚನೆ, ಅನುಚಿತ ಪ್ರಭಾವ, ಬಲಾತ್ಕಾರ ಮೊದಲಾದವುಗಳಿಂದ ಪಡೆದುದೆಂದು ತೋರಿಸಿದರೆ ಹೆಚ್ಚಿನ ಹಣವನ್ನು ಕೇಳುವ ಹಕ್ಕು ಹೋಗದೆಂದು ಸುಪ್ರೀಂ ಕೋರ್ಟು ೧೯೯೯ರಲ್ಲಿ ಒಂದು ಹತ್ತಿಯ ಗಿರಣಿಯ ವ್ಯಾಜ್ಯದಲ್ಲಿ ಹೇಳಿದೆ. ರಸೀದಿಯ ಮಾತ್ರದಿಂದ ನ್ಯಾಯಸ್ಥಾನಕ್ಕೆ ಹೋಗುವ ದಾರಿಯು ಮುಚ್ಚುವುದಿಲ್ಲವೆಂದು ಪ್ರಾಧಿಕಾರವೂ ೨೦೧೫ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಆದರೂ ‘ತಕರಾರನ್ನು ಉಳಿಸಿಕೊಂಡು ಪಡೆದಿದ್ದೇನೆ’ ಎಂದು ರುಜುವಿನ ಮೇಲೆ ಬರೆಯುವುದೂ, ಅದೇ ದಿನ ಕಂಪೆನಿಗೆ ಒಂದು ಕಾಗದವನ್ನು ಹಾಕುವುದೂ ಜಾಣತನ. ತಿಂಗಳುಗಟ್ಟಲೆ ಸುಮ್ಮನಿದ್ದು ಬಲಾತ್ಕಾರವಾಯಿತೆಂದರೆ ನಂಬುವವರು ಕಡಿಮೆ.

ತಕರಾರಿನ ಅರ್ಜಿಯನ್ನು ಮೊದಲು ಕಂಪೆನಿಯ ಅಹವಾಲು ಅಧಿಕಾರಿಗೆ ಕೊಡಬೇಕು. ಸರ್ವೇಯರ ವರದಿಯ ನಕಲನ್ನು ಕೇಳಿ ಪಡೆದು, ಅದರ ಒಂದೊಂದು ಬಾಬಿನ ಎದುರಿಗೂ ತನ್ನ ಅಳತೆ, ತನ್ನ ದರ, ವ್ಯತ್ಯಾಸದ ಮೊಬಲಗು ಇವುಗಳನ್ನು ಬರೆಯತಕ್ಕದ್ದು. ‘ಅನ್ಯಾಯವಾಗಿದೆ’ ಎಂದು ನಾಲ್ಕು ಪುಟ ಬರೆಯುವುದಕ್ಕಿಂತ ‘ನೀವು ೫೪ ಎಂದಿರಿ, ಟೇಪು ೬೨.೩ ಎನ್ನುತ್ತದೆ’ ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುವುದು. ಸ್ವತಂತ್ರ ಇಂಜಿನಿಯರರೊಬ್ಬರ ಅಂದಾಜುಪಟ್ಟಿಯು ಸಂಗಡವಿದ್ದರೆ ಮತ್ತೂ ಉತ್ತಮ. ಕಂಪೆನಿಯು ಎರಡು ವಾರಗಳಲ್ಲಿ ಉತ್ತರಿಸಬೇಕೆಂದು ನಿಯಮವಿದೆ. ಪ್ರಾಧಿಕಾರದ ‘ಬೀಮಾ ಭರೋಸಾ’ ಎಂಬ ಏರ್ಪಾಡಿನಲ್ಲಿಯೂ ದೂರನ್ನು ನೋಂದಾಯಿಸಬಹುದು.

ಒಂದು ತಿಂಗಳೊಳಗೆ ಉತ್ತರವು ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ, ವಿಮಾ ಓಂಬಡ್ಸ್‌ಮನ್ ಎಂಬ ಅಧಿಕಾರಿಯ ಬಳಿಗೆ ಹೋಗಬಹುದು. ಇಡೀ ಕರ್ನಾಟಕಕ್ಕೆ ಸಂಬಂಧಪಟ್ಟ ಈ ಕಚೇರಿಯು ಜೆ.ಪಿ. ನಗರ ಒಂದನೆಯ ಹಂತದ ೨೪ನೆಯ ಮುಖ್ಯರಸ್ತೆಯಲ್ಲಿ, ಜೀವನ್ ಸೌಧವೆಂಬ ಕಟ್ಟಡದಲ್ಲಿರುವುದು. ದಕ್ಷಿಣ ಬೆಂಗಳೂರಿನವರಿಗೆ ಇದು ಮನೆಯ ಬಾಗಿಲಿನಲ್ಲಿಯೇ ಇರುವ ನ್ಯಾಯಸ್ಥಾನವೆನ್ನಬಹುದು. ದೂರದ ತಾಲ್ಲೂಕಿನವರು ಅರ್ಜಿಯನ್ನು ಟಪಾಲಿನಲ್ಲಿ ಕಳುಹಿಸಬಹುದು. ಇಲ್ಲಿ ಫೀಜಿಲ್ಲ, ವಕೀಲರೂ ಬೇಡ. ೨೦೨೩ರ ನವೆಂಬರಿನ ತಿದ್ದುಪಾಟಿನ ಮೇರೆಗೆ ೫೦ ಲಕ್ಷ ರೂಪಾಯಿಗಳ ವರೆಗೆ ತೀರ್ಮಾನ ಮಾಡುವ ಅಧಿಕಾರವು ಇವರಿಗುಂಟು. ಕಂಪೆನಿಯ ನಿರಾಕರಣೆಯಾದ ಒಂದು ವರ್ಷದೊಳಗೆ ಅರ್ಜಿಯು ಹೋಗಬೇಕು. ಬೇಕಾದ ಕಾಗದಗಳೆಲ್ಲವೂ ಬಂದ ಮೂರು ತಿಂಗಳೊಳಗೆ ತೀರ್ಪಾಗಬೇಕು; ಅದನ್ನು ೩೦ ದಿನಗಳೊಳಗೆ ನಡೆಸಿಕೊಡಲು ಕಂಪೆನಿಯು ಬದ್ಧವಾಗಿರುವುದು. ಅರ್ಜಿದಾರನಿಗೆ ತೀರ್ಪು ಒಪ್ಪಿಗೆಯಾಗದಿದ್ದಲ್ಲಿ ಅವನು ಬೇರೆ ನ್ಯಾಯಸ್ಥಾನಕ್ಕೆ ಹೋಗಲು ಅಡ್ಡಿಯಿಲ್ಲ. ಆದರೆ ಅದೇ ವಿಷಯವು ಈಗಾಗಲೇ ಕೋರ್ಟಿನಲ್ಲಿಯಾಗಲಿ, ಗ್ರಾಹಕರ ಆಯೋಗದಲ್ಲಿಯಾಗಲಿ ನಡೆಯುತ್ತಿದ್ದರೆ ಓಂಬಡ್ಸ್‌ಮನ್ ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಆದುದರಿಂದ ಯಾವುದು ಮೊದಲೆಂಬುದನ್ನು ಯೋಚಿಸಿ ಹೆಜ್ಜೆಯಿಡಬೇಕು.

ಗ್ರಾಹಕರ ಆಯೋಗದ ವಿಚಾರವು ಇಷ್ಟು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಂಪೆನಿಯ ಕಚೇರಿಯು ಎಲ್ಲಿಯೇ ಇರಲಿ, ಅರ್ಜಿದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. ಕಟ್ಟಿದ ಪ್ರೀಮಿಯಂ ೫ ಲಕ್ಷವನ್ನು ಮೀರದಿದ್ದರೆ ಫೀಜು ಇರುವುದಿಲ್ಲ. ಮನೆಯ ವಿಮೆಗೆ ಅಷ್ಟು ಪ್ರೀಮಿಯಂ ಕಟ್ಟುವವರು ವಿರಳ. ಸರ್ವೇಯರ ವರದಿಯೇ ಕೊನೆಯ ಮಾತಲ್ಲ, ಬೇರೆ ಪುರಾವೆಯಿಂದ ಅದನ್ನು ಅಲ್ಲಗಳೆಯಬಹುದೆಂದು ಸುಪ್ರೀಂ ಕೋರ್ಟು ೨೦೦೯ರಲ್ಲಿ ತೀರ್ಮಾನಿಸಿರುವುದು ಇಲ್ಲಿ ಬಹಳ ಪ್ರಯೋಜನಕ್ಕೆ ಬರುವುದು. ತನಗೆ ಅನುಕೂಲವಾದ ವರದಿಯು ಬರುವ ವರೆಗೆ ಕಂಪೆನಿಯು ಒಬ್ಬರ ಮೇಲೊಬ್ಬರಂತೆ ಸರ್ವೇಯರನ್ನು ನೇಮಿಸುತ್ತ ಹೋಗಲಾಗದೆಂದೂ ಅದೇ ವರ್ಷ ಮತ್ತೊಂದು ವ್ಯಾಜ್ಯದಲ್ಲಿ ಹೇಳಿದೆ. ದಾವೆಯ ವಾಯಿದೆಯು ಎರಡು ವರ್ಷಗಳು. ಕಂಪೆನಿಯೊಡನೆ ಪತ್ರವ್ಯವಹಾರವು ನಡೆಯುತ್ತಿದೆಯೆಂಬ ಭರವಸೆಯಿಂದ ಈ ವಾಯಿದೆಯು ಮೀರುವಂತೆ ಬಿಡಬಾರದು. ಕಂಪೆನಿಯ ಮೊದಲನೆಯ ನಿರಾಕರಣೆಯ ಕಾಗದವನ್ನು ಲಕೋಟೆಯ ಸಹಿತ, ಅದರ ಮೇಲಿನ ತಾರೀಖು ಕಾಣುವಂತೆ ಇಟ್ಟುಕೊಂಡಿರತಕ್ಕದ್ದು.