ಅಂಬಾಸಿಡರ್‌ನ ಕುಸಿದ ಬೆನ್ನು

ನಮ್ಮ ಕರಾವಳಿಯ ಕೆಲವು ಮನೆಗಳ ಶೆಡ್ಡಿನಲ್ಲಿ ಈಗಲೂ ಅಂಬಾಸಿಡರ್ ಇದೆ. ಬಾಡಿಗೆಗೆ ಓಡಿ ಮನೆ ಸಾಕಿದ ಗಾಡಿ ಅದು. ನಮ್ಮದು 1978ರದು. ಉಪ್ಪ ಅದರಲ್ಲಿ ದುಡಿದ ದುಡ್ಡಿನಲ್ಲೇ ಅಕ್ಕಂದಿರ ಮದುವೆ ಆದದ್ದು. ಹಿಂದಿನ ಎಡಬದಿ ಕುಸಿದು, ಹಂಪ್ ಹತ್ತಿದಾಗಲೆಲ್ಲ ‘ಟಕ್’ ಅಂತ ಸದ್ದು ಬರತೊಡಗಿದಾಗ ಮಾಮ ಹೇಳಿದ್ರು, “ಗುಜರಿಗೆ ಕೊಟ್ಟುಬಿಡಿ ಮಾರಾಯ್ರೆ, ಇದನ್ನು ಇನ್ನು ಮುಟ್ಟುವವರು ಯಾರಿದ್ದಾರೆ?” ಉಪ್ಪ ಉತ್ತರ ಕೊಡಲಿಲ್ಲ, ಎದ್ದು ಒಳಗೆ ಹೋದರು. ದಮ್ಮಾಮ್‌ನಿಂದ ತಮ್ಮ ರಜೆಯಲ್ಲಿ ಬಂದಿದ್ದ. ಅಂಗಳದಲ್ಲೇ ಬಿಚ್ಚುವುದೆಂದು ತೀರ್ಮಾನಿಸಿದೆವು.

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿನಿಂದ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರ ತನಕ ತಯಾರಾಯಿತು. ಹಿಂದಿನ ಆಕ್ಸೆಲ್ ಕೂತಿರುವುದು ಲೀಫ್ ಸ್ಪ್ರಿಂಗ್ ಮೇಲೆ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್‌ಗಳ ಕಟ್ಟು. ಮುಂದಿನ ತುದಿ ಬಾಡಿಗೆ ಬಿಗಿದಿರುತ್ತದೆ. ಹಿಂದಿನ ತುದಿ ಶ್ಯಾಕಲ್‌ನಲ್ಲಿ ತೂಗುತ್ತದೆ, ಯಾಕೆಂದರೆ ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಪ್ಲೇಟ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕಲ್ಲ? ನಮ್ಮ ಮಳೆ, ಉಪ್ಪು ಗಾಳಿಗೆ ಪ್ಲೇಟ್‌ಗಳ ನಡುವೆ ತುಕ್ಕು ಕೂರುತ್ತದೆ, ಶ್ಯಾಕಲ್‌ನ ರಬ್ಬರ್ ಬುಷ್ ಪುಡಿಯಾಗುತ್ತದೆ. ‘ಟಕ್’ ಸದ್ದು ಹೆಚ್ಚಾಗಿ ಆ ಬುಷ್‌ನದೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗಾಡಿ ಎತ್ತಿ ಕೆಳಗೆ ಕೆಂಪುಕಲ್ಲು ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಮನೆಯ ಗೋಡೆಗೆ ಕೆಂಪುಕಲ್ಲು ಚಿನ್ನ, ನಿಜ. ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಅದು ಸದ್ದಿಲ್ಲದೆ ಒಡೆಯುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಮಲಗುವುದೂ ಬೇಡ. ನಾಲ್ಕು ಕಬ್ಬಿಣದ ಸ್ಟ್ಯಾಂಡ್ ತಂದೆವು, ಎರಡು ಬಾಡಿಗೆ, ಎರಡು ಆಕ್ಸೆಲ್‌ಗೆ. ಮುಂದಿನ ಚಕ್ರಗಳಿಗೆ ಮರದ ತುಂಡು ಒತ್ತಿದೆವು. ಉಮ್ಮ ಮಕ್ಕಳನ್ನು ಅಂಗಳಕ್ಕೆ ಇಳಿಯಲು ಬಿಡಲಿಲ್ಲ. ಆಕ್ಸೆಲ್ ಬ್ರೇಕ್ ಪೈಪಿನಲ್ಲಿ ನೇತಾಡದಂತೆಯೂ ನೋಡಬೇಕು.

ಯು ಬೋಲ್ಟ್ ಬಿಚ್ಚುವುದಕ್ಕೇ ಅರ್ಧ ದಿನ ಹೋಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆವು, ಆದರೂ ಎರಡನ್ನು ಕತ್ತರಿಸಬೇಕಾಯಿತು. ಬೇಸರವಿಲ್ಲ, ಹಳೆಯ ಯು ಬೋಲ್ಟನ್ನು ಮತ್ತೆ ಹಾಕುವುದೇ ತಪ್ಪು. ನಡುವಿನ ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಕಟ್ಟನ್ನು ವೈಸ್‌ನಲ್ಲಿ ಬಿಗಿಯಬೇಕು, ಇಲ್ಲದಿದ್ದರೆ ಪ್ಲೇಟ್‌ಗಳು ಚಿಮ್ಮುತ್ತವೆ. ಬಿಚ್ಚಿ ನೋಡಿದರೆ ಎಡಬದಿಯ ಒಂದು ಪ್ಲೇಟ್ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ತುಂಡು. ತೂತು ಇರುವಲ್ಲಿ ಉಕ್ಕು ಕಡಿಮೆ, ಒಡೆಯುವುದೂ ಅಲ್ಲೇ.

ಪ್ಲೇಟ್‌ಗಳನ್ನು ಲಾರಿಯ ಸ್ಪ್ರಿಂಗ್ ಕೆಲಸದವರ ಹತ್ತಿರ ಒಯ್ದೆವು. ಅವರು ಬೆಂಕಿಗೆ ಹಾಕದೆ ಬಡಿದೇ ಕಮಾನು ಕೂರಿಸಿಕೊಟ್ಟರು. ಕೆಂಪಗೆ ಕಾಯಿಸಿ ಹಾಗೇ ಬಗ್ಗಿಸಿದರೆ ಉಕ್ಕಿನ ಹದ ಹೋಗಿ ಮತ್ತೆ ಕುಸಿಯುತ್ತದೆ. ಬಲಬದಿಯನ್ನೂ ಜೊತೆಗೇ ಮಾಡಿಸಿದೆವು. ಒಂದೇ ಬದಿ ಮಾಡಿಸಿದರೆ ಗಾಡಿ ವಾಲುತ್ತದೆ.

ಬುಷ್ ಕೂರಿಸಲು ಎಣ್ಣೆ, ಗ್ರೀಸ್ ಹಾಕಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೋಪಿನ ನೀರು ಸಾಕು. ಶ್ಯಾಕಲ್ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆ. ಗಾಳಿಯಲ್ಲಿರುವಾಗಲೇ ಬಿಗಿದರೆ, ಇಳಿಸಿದಾಗ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅನೇಕ ಗ್ಯಾರೇಜ್‌ಗಳಲ್ಲೂ ಇದನ್ನು ಲೆಕ್ಕಕ್ಕೆ ಇಡುವುದಿಲ್ಲ.

ಮುಂದಿನ ಟಾರ್ಷನ್ ಬಾರ್ ನಾವು ಮುಟ್ಟಲಿಲ್ಲ. ತಿರುಚಿ ಕೂರಿಸಿದ ಆ ಉಕ್ಕಿನ ಸಲಾಕೆ ಕೈತಪ್ಪಿದರೆ ಎಲುಬು ಮುರಿಯುತ್ತದೆ. ಅದಕ್ಕೆ ಪಳಗಿದ ಮೆಕ್ಯಾನಿಕ್ಕೇ ಬೇಕು.

ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿಯೂ ಇದೆ. ಆದ್ದರಿಂದ ಬೇರೆ ಗಾಡಿಯ ಸ್ಪ್ರಿಂಗ್ ತಂದು ತುರುಕುವ ಮೊದಲು ಯೋಚಿಸಿ. ನಮ್ಮದಕ್ಕೆ 50 ತುಂಬುವುದು 2028ಕ್ಕೆ.

ಮೊದಲ ಸವಾರಿಗೆ ಉಪ್ಪನೇ ಸ್ಟಿಯರಿಂಗ್ ಹಿಡಿದರು. ಹಂಪ್ ಬಂತು, ಸದ್ದಿಲ್ಲ. ಹಿಂದೆ ಕೂತಿದ್ದ ಮಾಮ, “ಇನ್ನೊಂದು ಸಲ ಹತ್ತಿಸಿ ನೋಡುವ” ಅಂದರು. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯುವುದು ಬಾಕಿ ಇದೆ. ತಮ್ಮ ಹೊರಡುವ ಮೊದಲು ಅದೊಂದು ಆಗಬೇಕು.